ಲೆಕ್ಕಕ್ಕೆ ಸಿಕ್ಕದ ಸಾವು

ಮನೆಯಲ್ಲಿ ಒಬ್ಬರು ತೀರಿಕೊಂಡರೆ, ಅವರು ಯಾವ ಹೊತ್ತಿನಲ್ಲಿ, ಏನಾಗಿ ಹೋದರೆಂಬುದನ್ನು ಮನೆಯವರು ತಾವಿರುವ ತನಕ ಮರೆಯುವುದಿಲ್ಲ. ಸರ್ಕಾರದ ನೆನಪು ಹಾಗಲ್ಲ. ಪುಸ್ತಕದಲ್ಲಿ ಬರೆದುದನ್ನು ಮಾತ್ರ ಅದು ಬಲ್ಲದು. ಕೊರೋನಾ ಮಹಾಮಾರಿಯ ಕಾಲದಲ್ಲಿ ಈ ಎರಡು ನೆನಪುಗಳು ಒಂದನ್ನೊಂದು ಬಿಟ್ಟು ದೂರ ಸರಿದವು. ಆ ಅಂತರವನ್ನು ತೀರ ಹತ್ತಿರದಿಂದ ಕಂಡವರು ಆಂಬುಲೆನ್ಸಿನ ಸಿಬ್ಬಂದಿ.

ನಮ್ಮ ರಾಜ್ಯದಲ್ಲಿ ೧೦೮ ಸಂಖ್ಯೆಯ ‘ಆರೋಗ್ಯ ಕವಚ’ ಆಂಬುಲೆನ್ಸುಗಳು ಓಡಾಡತೊಡಗಿದ್ದು ೨೦೦೮ರಲ್ಲಿ. ೨೦೨೧ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಎದ್ದಾಗ, ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ಕರೆ ಬಂದಿತೆಂದು ಭಾವಿಸೋಣ. ರೋಗಿಗೆ ಆರು ದಿನದ ಜ್ವರ, ಉಸಿರಿಗೆ ಪರದಾಟ. ಬೆರಳಿಗೆ ಸಿಕ್ಕಿಸಿದ ಪುಟ್ಟ ಉಪಕರಣ ರಕ್ತದಲ್ಲಿ ಆಮ್ಲಜನಕ ತೀರ ಇಳಿದಿರುವುದನ್ನು ತೋರಿಸುತ್ತದೆ. ಗಂಟಲ ದ್ರವದ ಪರೀಕ್ಷೆ ಆಗಿಲ್ಲ. ಗುಬ್ಬಿಯಿಂದ ತುಮಕೂರಿಗೆ ಸುಮಾರು ೨೦ ಕಿಲೋಮೀಟರು. ನಡುದಾರಿಯಲ್ಲಿ ಪ್ರಾಣ ಹೋದರೆ, ‘ಆಸ್ಪತ್ರೆಗೆ ತರುವ ಮುನ್ನವೇ ಮೃತ’ ಎಂಬ ಬರಹವಾಗುತ್ತದೆ. ಆ ನೂಕುನುಗ್ಗಲಿನಲ್ಲಿ ಪರೀಕ್ಷೆಯೂ ನಡೆಯದೆ ಹೋದರೆ, ಕಾರಣ ಹೃದಯಾಘಾತವೆಂದಾಗಬಹುದು. ದಿನದಿನದ ಪ್ರಕಟಣೆಗೆ ಸೇರುತ್ತಿದ್ದುದು ಪರೀಕ್ಷೆಯಲ್ಲಿ ಸೋಂಕು ಕಂಡವರ ಸಾವು ಮಾತ್ರ. ಸಾವಿನ ಕಾರಣವನ್ನು ದೃಢೀಕರಿಸುವ ಅಧಿಕಾರ ವೈದ್ಯರದು. ಗಾಡಿಯಲ್ಲಿ ಪಕ್ಕದಲ್ಲೇ ಕುಳಿತು ನೋಡಿದವರದಲ್ಲ. ಅವರ ಕೆಲಸದ ಕಾಗದ ಆಸ್ಪತ್ರೆಯ ಬಾಗಿಲಿಗೇ ಮುಗಿಯುತ್ತದೆ.

ಕುಣಿಗಲ್ಲಿನ ದಾರಿ ಕವಲೊಡೆಯುತ್ತದೆ. ರೋಗಿಯನ್ನು ತುಮಕೂರಿಗೂ ಒಯ್ಯಬಹುದು, ಹೆದ್ದಾರಿ ಹಿಡಿದು ಬೆಂಗಳೂರಿಗೂ ಒಯ್ಯಬಹುದು. ಸಾವನ್ನು ನೋಂದಾಯಿಸುವುದು ಅದು ಸಂಭವಿಸಿದ ಸ್ಥಳದಲ್ಲಿ. ಆದುದರಿಂದ ಕುಣಿಗಲ್ಲಿನವರು ಬೆಂಗಳೂರಿನಲ್ಲಿ ತೀರಿಕೊಂಡರೆ ಹೆಸರು ಅಲ್ಲಿಯ ಪುಸ್ತಕದಲ್ಲಿ; ದುಃಖ ಮಾತ್ರ ಇಲ್ಲಿ.

ಇಲ್ಲೊಂದು ಭೇದವನ್ನು ಗಮನಿಸಬೇಕು. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯಂತೆ ೨೧ ದಿನಗಳೊಳಗೆ ಸಾವನ್ನು ತಿಳಿಸಬೇಕು. ನಮ್ಮ ರಾಜ್ಯದಲ್ಲಿ ಬಹುಪಾಲು ಸಾವುಗಳು ನೋಂದಣಿಯಾಗುತ್ತವೆ. ಅಂದರೆ ಕಳೆದುಹೋದುದು ಹೆಚ್ಚಾಗಿ ಸತ್ತವರ ಹೆಸರಲ್ಲ, ಸತ್ತ ಕಾರಣ. ಹೀಗಾದಾಗ ಉಳಿಯುವ ದಾರಿ ಒಂದೇ: ಸಾಮಾನ್ಯ ವರ್ಷಗಳಿಗಿಂತ ಎಷ್ಟು ಮಂದಿ ಹೆಚ್ಚಾಗಿ ಸತ್ತರೆಂದು ನೋಡುವುದು. ೧೯೧೮ರ ಇನ್‌ಫ್ಲುಯೆಂಜಾದ ಹೊಡೆತವೂ ೧೯೨೧ರ ಜನಗಣತಿಯಲ್ಲಿ ಹೀಗೆಯೇ ಕಂಡಿತು. ದೇಶದ ಜನಸಂಖ್ಯೆ ೧೯೧೧ಕ್ಕಿಂತ ಕಡಿಮೆಯಾಗಿತ್ತು.

ಭಾರತದಲ್ಲಿ ೨೦೧೯ರಲ್ಲಿ ನೋಂದಣಿಯಾದ ಸಾವುಗಳು ಸುಮಾರು ೭೬.೪ ಲಕ್ಷ; ೨೦೨೦ರಲ್ಲಿ ೮೧.೨ ಲಕ್ಷ, ೨೦೨೧ರಲ್ಲಿ ೧.೦೨ ಕೋಟಿ. ಒಂದೇ ವರ್ಷದಲ್ಲಿ ೨೧ ಲಕ್ಷದ ಏರಿಕೆ. ಅದೇ ೨೦೨೧ರಲ್ಲಿ ಕೊರೋನಾದಿಂದ ಸತ್ತರೆಂದು ಸರ್ಕಾರ ಲೆಕ್ಕವಿಟ್ಟದ್ದು ಸುಮಾರು ೩.೩ ಲಕ್ಷ. ಏರಿಕೆಯೆಲ್ಲವೂ ಸೋಂಕಿನದೆನ್ನಲಾಗದು. ನೋಂದಣಿ ಸುಧಾರಿಸಿದ್ದರ ಪಾಲೂ ಇದೆ. ಬೇರೆ ಕಾಯಿಲೆಗೆ ಹಾಸಿಗೆ ಸಿಗದೆ ಸತ್ತವರೂ ಇದ್ದಾರೆ. ಎರಡು ವರ್ಷಗಳಲ್ಲಿ ಭಾರತದಲ್ಲಿ ೪೭ ಲಕ್ಷ ಹೆಚ್ಚುವರಿ ಸಾವುಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಮೇ ತಿಂಗಳಲ್ಲಿ ಅಂದಾಜು ಮಾಡಿತು. ನಮ್ಮ ಸರ್ಕಾರ ಅದನ್ನು ಒಪ್ಪಲಿಲ್ಲ.

ಇದು ಬರಿಯ ಅಂಕಿಗಳ ಜಗಳವಲ್ಲ. ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ, ಕೊರೋನಾದಿಂದ ಸತ್ತವರ ಕುಟುಂಬಕ್ಕೆ ೫೦,೦೦೦ ರೂಪಾಯಿ ಪರಿಹಾರ ನಿಗದಿಯಾಯಿತು. ಸೋಂಕು ದೃಢಪಟ್ಟ ೩೦ ದಿನಗಳೊಳಗಿನ ಸಾವನ್ನೂ ಸೇರಿಸಿಕೊಳ್ಳಬೇಕೆಂಬ ನಿಯಮ ಬಂತು. ಆದರೆ ಪರೀಕ್ಷೆಯೇ ಆಗದವನ ಹೆಂಡತಿ ಯಾವ ಕಾಗದ ಹಿಡಿದು ಕಚೇರಿಯ ಮೆಟ್ಟಿಲು ಹತ್ತಬೇಕು?

ಆಕೆಯ ಪರವಾಗಿ ಮಾತನಾಡಬಲ್ಲ ಒಂದು ಸಾಕ್ಷ್ಯವಿತ್ತು: ಜ್ವರ ಎಷ್ಟು ದಿನದ್ದು, ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು ಎಂದು ಗಾಡಿಯಲ್ಲಿ ಕಂಡದ್ದು. ಅದನ್ನು ಮರಣದ ದಾಖಲೆಗೆ ಜೋಡಿಸುವ ಏರ್ಪಾಡೊಂದಿದ್ದರೆ ಸಾಕು. ಮುಂದಿನ ಮಹಾಮಾರಿ ಬರುವ ಮೊದಲು ನಾವು ಮಾಡಿಕೊಳ್ಳಬಹುದಾದ ಸಿದ್ಧತೆಗಳಲ್ಲಿ ಇದು ಬಹಳ ಖರ್ಚಿನದೇನೂ ಅಲ್ಲ.