ವಂಚಕನೆಂಬ ಹೆಸರು ಹೊತ್ತ ಹರಳು
(ಬಾನುಲಿ ಭಾಷಣ)

ಮಕ್ಕಳಿಗೆ ಹೆಸರಿಡುವಾಗ ನಾವು ಒಳಿತನ್ನೇ ಹಾರೈಸುತ್ತೇವೆ. ಕಲ್ಲುಗಳಿಗೆ ಹೆಸರಿಟ್ಟವರಲ್ಲಿ ಈ ಔದಾರ್ಯ ಯಾವಾಗಲೂ ಕಂಡುಬರುವುದಿಲ್ಲ. ಜರ್ಮನಿಯ ವೆರ್ನರ್ 1786ರಲ್ಲಿ ಒಂದು ಖನಿಜವನ್ನು 'ಅಪಟೈಟ್' ಎಂದು ಕರೆದನು. ಮೋಸಗೊಳಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಹೆಸರು ಅದು. ನೋಡಿದವರು ಅದನ್ನು ಬೇರೆ ಖನಿಜಗಳೆಂದು ಭ್ರಮಿಸುತ್ತಿದ್ದರು ಎಂಬುದಷ್ಟೇ ಅದರ ಅಪರಾಧ. 1833ರಲ್ಲಿ ಫಿನ್ಲೆಂಡಿನ ಖನಿಜಶಾಸ್ತ್ರಜ್ಞ ನಿಲ್ಸ್ ಗುಸ್ತಾಫ್ ನೋರ್ಡೆನ್‌ಷೋಲ್ಡ್ ಇನ್ನೊಂದು ಕಲ್ಲಿಗೆ 'ಫೆನಕೈಟ್' ಎಂದು ಹೆಸರಿಟ್ಟನು. ಗ್ರೀಕಿನ 'ಫೆನಾಕ್ಸ್' ಎಂದರೆ ವಂಚಕ. ಭಾಷೆಯ ವಿದ್ಯಾರ್ಥಿಯಾದ ನನ್ನನ್ನು ಈ ಕಲ್ಲಿನ ಬಳಿಗೆ ಕರೆದೊಯ್ದದ್ದು ಈ ಹೆಸರೇ.

ರಷ್ಯದ ಯೂರಲ್ ಪರ್ವತಸೀಮೆಯಲ್ಲಿ, ಯೆಕತೆರಿನ್‌ಬುರ್ಗ್ ನಗರಕ್ಕೆ ಪೂರ್ವದಲ್ಲಿ, 1830ರ ಸುಮಾರಿಗೆ ಪಚ್ಚೆಯ ನೆಲೆಗಳು ಬೆಳಕಿಗೆ ಬಂದವು. ಉರುಳಿಬಿದ್ದ ಮರವೊಂದರ ಬೇರುಗಳ ನಡುವೆ ರೈತನೊಬ್ಬನಿಗೆ ಹಸುರು ಕಲ್ಲುಗಳು ಕಂಡವೆಂದು ಹೇಳುತ್ತಾರೆ. ಕಾಗೆಬಂಗಾರ ತುಂಬಿದ ಅಲ್ಲಿನ ಬಂಡೆಗಳಲ್ಲಿ ಪಚ್ಚೆಯ ಜೊತೆಗೆ ಬಣ್ಣವಿಲ್ಲದ ಹರಳುಗಳೂ ಇದ್ದವು. ನೀರಿನಂತೆ ತಿಳಿಯಾದ ಅವನ್ನು ನೋಡಿದವರು, ನಾವು ಬೆಣಚುಕಲ್ಲು ಎನ್ನುವುದರ ಶುದ್ಧ ರೂಪವಾದ ಸ್ಫಟಿಕವೆಂದೇ ತಿಳಿಯುವುದು ಸಹಜವಾಗಿತ್ತು. ಅವು ಸ್ಫಟಿಕವಾಗಿರಲಿಲ್ಲ. ಬೇರೆಯೇ ಖನಿಜವೆಂದು ತಿಳಿದಾಗ ತಪ್ಪು ನೋಡಿದವರ ಮೇಲಲ್ಲ, ಕಲ್ಲಿನ ಮೇಲೆ ಬಿತ್ತು.

ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಕಾಠಿಣ್ಯದ ಮೋಹ್ಸ್ ಮಾನದಲ್ಲಿ ಸ್ಫಟಿಕ 7. ಫೆನಕೈಟ್ ಏಳೂವರೆಯಿಂದ 8. ಆದ್ದರಿಂದ ಫೆನಕೈಟಿನ ಮೊನೆ ಸ್ಫಟಿಕವನ್ನು ಗೀರಬಲ್ಲದು. ಸ್ಫಟಿಕದ ಸಾಪೇಕ್ಷ ಸಾಂದ್ರತೆ 2.65, ಫೆನಕೈಟಿನದು ಸುಮಾರು 2.96. ಬ್ರೋಮೋಫಾರ್ಮ್ ಎಂಬ ಭಾರವಾದ ದ್ರವದ ಸಾಂದ್ರತೆ 2.89. ಎರಡು ಹರಳುಗಳನ್ನೂ ಅದರಲ್ಲಿ ಹಾಕಿದರೆ ಸ್ಫಟಿಕ ತೇಲುತ್ತದೆ, ಫೆನಕೈಟ್ ಮುಳುಗುತ್ತದೆ. ಬೆಳಕನ್ನು ಬಾಗಿಸುವುದರಲ್ಲಿಯೂ ಫೆನಕೈಟೇ ಮುಂದು: ಸ್ಫಟಿಕದ ವಕ್ರೀಭವನಾಂಕ ಸುಮಾರು 1.55, ಇದರದು 1.65ಕ್ಕಿಂತ ಹೆಚ್ಚು. ಆದುದರಿಂದ ಸಾಣೆ ಹಿಡಿದಾಗ ಇದರ ಹೊಳಪು ಹೆಚ್ಚು. ಆದರೆ ಬೆಳಕನ್ನು ಏಳು ಬಣ್ಣಗಳಾಗಿ ಚೆಲ್ಲುವ ವಜ್ರದ ಶಕ್ತಿ ಇದಕ್ಕಿಲ್ಲ. ಒಡವೆಯ ಅಂಗಡಿಗಳಲ್ಲಿ ಇದರ ಹೆಸರು ಕೇಳಿಬರದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಇದರ ಹುಟ್ಟು. ಸ್ಫಟಿಕದಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ ಮಾತ್ರ. ಫೆನಕೈಟಿನಲ್ಲಿ ಇವುಗಳೊಡನೆ ಬೆರಿಲಿಯಮ್ ಸೇರಿದೆ. 1798ರಲ್ಲಿ ಫ್ರಾನ್ಸಿನ ವೋಕ್ಲ್ಯಾನ್ ಈ ಧಾತುವನ್ನು ಬೆರಿಲ್ ಮತ್ತು ಪಚ್ಚೆಗಳಲ್ಲಿ ಗುರುತಿಸಿದನು. ವಿಶ್ವದಲ್ಲಿಯೇ ಇದು ವಿರಳ. ನಕ್ಷತ್ರಗಳ ಒಡಲ ಉರಿಯಲ್ಲಿ ಬೆರಿಲಿಯಮ್ ಉಳಿಯದೆ ನಾಶವಾಗುತ್ತದೆ. ಅಂತರಿಕ್ಷದಲ್ಲಿ ವಿಶ್ವಕಿರಣಗಳು ಕಾರ್ಬನ್, ಆಮ್ಲಜನಕಗಳ ಪರಮಾಣುಬೀಜಗಳಿಗೆ ಬಡಿದಾಗ ಸಿಡಿದ ಚೂರುಗಳೇ ನಮಗೆ ದೊರೆತಿರುವ ಬೆರಿಲಿಯಮ್. ಭೂಮಿಯ ಹೊರಪದರದಲ್ಲಿ ಅದು ಹತ್ತು ಲಕ್ಷ ಪಾಲಿಗೆ ಎರಡು ಮೂರು ಪಾಲು ಮಾತ್ರ.

ಭೂಗರ್ಭದ ಕರಗಿದ ಶಿಲಾಪಾಕ ತಣಿಯುವಾಗ ಸಾಮಾನ್ಯ ಖನಿಜಗಳು ಮೊದಲು ಗಟ್ಟಿಯಾಗುತ್ತವೆ. ಬೆರಿಲಿಯಮ್ಮಿನ ಪರಮಾಣು ಬಹಳ ಚಿಕ್ಕದು. ಅವುಗಳ ರಚನೆಯಲ್ಲಿ ಅದಕ್ಕೆ ತಕ್ಕ ಸ್ಥಾನ ಸಿಗುವುದಿಲ್ಲ. ಮದುವೆಯ ಮನೆಯಲ್ಲಿ ಎಲೆ ಸಿಗದವರು ಕೊನೆಯ ಪಂಕ್ತಿಗೆ ಕಾಯುವಂತೆ ಅದು ಉಳಿದ ದ್ರವದಲ್ಲಿ ಕಾದಿರುತ್ತದೆ. ನೀರಿನ ಅಂಶ ಹೆಚ್ಚಾಗಿರುವ ಈ ಕೊನೆಯ ದ್ರವ ಗಟ್ಟಿಯಾದಾಗ ಪೆಗ್ಮಟೈಟ್ ಎಂಬ ದಪ್ಪ ಹರಳುಗಳ ಶಿಲೆಯಾಗುತ್ತದೆ. ಅಲ್ಲಿ ಅಲ್ಯೂಮಿನಿಯಮ್ ಸಾಕಷ್ಟಿದ್ದರೆ ಬೆರಿಲ್ ಹುಟ್ಟುತ್ತದೆ. ಅದರ ಕೊರತೆಯಾದಲ್ಲಿ ಫೆನಕೈಟ್.

ಯೂರಲ್‌ನಲ್ಲಿ ಈ ದ್ರವ ಕ್ರೋಮಿಯಮ್ ಉಳ್ಳ ಶಿಲೆಗಳನ್ನು ಹೊಕ್ಕಿತು. ಬೆರಿಲಿನಲ್ಲಿ ಅಲ್ಯೂಮಿನಿಯಮ್ ಕುಳಿತ ಕೆಲವು ಎಡೆಗಳನ್ನು ಕ್ರೋಮಿಯಮ್ ಆಕ್ರಮಿಸಿತು. ಬೆರಿಲ್ ಹಸುರಾಗಿ ಪಚ್ಚೆಯೆನಿಸಿತು. ಫೆನಕೈಟಿನಲ್ಲಿ ಅಂಥ ಎಡೆಗಳೇ ಇಲ್ಲ. ಒಂದೇ ಬಸಿರಿನಲ್ಲಿ ಬೆಳೆದರೂ ಒಂದು ಹಸುರಾಯಿತು, ಇನ್ನೊಂದು ಬಿಳಿದಾಗಿಯೇ ಉಳಿಯಿತು. ಒಂದನ್ನು ಜಗತ್ತು ಕೊರಳಿಗೆ ಧರಿಸಿತು, ಇನ್ನೊಂದನ್ನು ವಂಚಕನೆಂದಿತು.

ಫೆನಕೈಟ್ ತನ್ನ ಭಾರವನ್ನಾಗಲಿ ಕಾಠಿಣ್ಯವನ್ನಾಗಲಿ ಎಂದೂ ಮರೆಮಾಚಲಿಲ್ಲ. ತೂಗಿದವರಿಗೆ, ಗೀರಿ ನೋಡಿದವರಿಗೆ ಅದು ನಿಜವನ್ನೇ ಹೇಳಿತು. ಮೋಸ ಹೋದದ್ದು ಬಣ್ಣವನ್ನಷ್ಟೇ ನೋಡಿ ತೀರ್ಪು ಕೊಟ್ಟ ಕಣ್ಣು. ಖನಿಜಶಾಸ್ತ್ರದ ನಿಯಮದಂತೆ ಒಮ್ಮೆ ಬಳಕೆಗೆ ಬಂದ ಹೆಸರು ಸುಲಭವಾಗಿ ಬದಲಾಗದು. ಈ ಕಲ್ಲು ತನ್ನದಲ್ಲದ ತಪ್ಪಿನ ಹೆಸರನ್ನು ಹೊತ್ತೇ ಇರಬೇಕು. ಮನುಷ್ಯರ ವಿಷಯದಲ್ಲಿ ನಮಗೆ ಅಂಥ ನಿಯಮವೇನೂ ಇಲ್ಲ. ಯಾರನ್ನಾದರೂ ಕಂಡೊಡನೆ ಹೆಸರಿಟ್ಟು ಕರೆಯುವ ಮೊದಲು ಒಮ್ಮೆ ತೂಗಿ ನೋಡುವುದು ಒಳ್ಳೆಯದು.