ಇಬ್ಬರು ಉದ್ದನೆಯ ಹುಡುಗರು, ಖಾಲಿ ಇದ್ದದ್ದು ಒಂದೇ ಜಾಗ

ನನ್ನ ಎತ್ತರ ಆರು ಅಡಿ ಮೂರು ಇಂಚು. ಸೇಡಂನಲ್ಲಿ ಇಷ್ಟು ಉದ್ದ ಬೆಳೆದವನಿಗೆ ಕೇಳಿಬರುವ ಮಾತು ಮೂರೇ. 'ಮ್ಯಾಲ ಮಳಿ ಬರ್ಲಾಕತ್ತದೇನು ನೋಡಪಾ', 'ತಲಿ ಬಗ್ಗಸು, ಬಾಗ್ಲ ತಾಕ್ತದ', 'ಇಷ್ಟ್ ಉದ್ದ ಇದ್ದಿ, ಪೊಲೀಸ್ ಯಾಕ ಆಗವಲ್ಲಿ?' ಮೂರನೆಯ ಮಾತಿಗೆ ಆಮೇಲೆ ಬರುತ್ತೇನೆ.

ಪಿಯುಸಿ ಮೊದಲ ವರ್ಷ ಕಾಲೇಜಿಗೆ ಸೇರಿದ ವಾರದಲ್ಲೇ ನಮ್ಮ ಪಿ.ಟಿ. ಸರ್ ನನ್ನನ್ನು ಕರೆದು ಬ್ಯಾಸ್ಕೆಟ್‌ಬಾಲ್ ರಿಂಗ್‌ನ ಕೆಳಗೆ ನಿಲ್ಲಿಸಿದರು. 'ಇಲ್ಲೇ ನಿಂದ್ರು. ಬಾಲ್ ಬಂದ್ರ ಮ್ಯಾಲ ಇಡು' ಅಂದರು. ಡಿಗ್ರಿ ಎರಡನೇ ವರ್ಷದವರೆಗೂ ನನ್ನ ಆಟ ಅಷ್ಟೇ ಆಗಿತ್ತು. ನಮ್ಮ ಕಡೆಯ ಪಂದ್ಯಗಳಲ್ಲಿ ಅಷ್ಟು ಸಾಕಾಗುತ್ತಿತ್ತು ಕೂಡ. ಚಿಂಚೋಳಿಯಲ್ಲಿ ಒಮ್ಮೆ ಎದುರಾಳಿ ತಂಡದ ಅತಿ ಎತ್ತರದ ಹುಡುಗ ನನ್ನ ಭುಜಕ್ಕೆ ಬರುತ್ತಿದ್ದ. ನಾನೊಬ್ಬನೇ 26 ಪಾಯಿಂಟ್ ಹೊಡೆದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಊರು ಮುಟ್ಟುವ ತನಕ ನನ್ನ ಹೆಸರಿನದೇ ಕೂಗು. ಚಿತ್ತಾಪುರದಲ್ಲಿ ಹಾಗೇ, ಶಹಾಬಾದಿನಲ್ಲೂ ಹಾಗೇ. ಶಹಾಬಾದಿನಲ್ಲಿ ಮಾತ್ರ ಕೋರ್ಟಿನ ಅಂಚಿಗೆ ಹಾಸಿದ್ದ ಪರ್ಸಿ ಕಲ್ಲಿನ ಮೇಲೆ ಬಿದ್ದು ಮಂಡಿ ಕೆತ್ತಿಸಿಕೊಂಡೆ. ಆ ಕಲೆ ಇನ್ನೂ ಇದೆ.

ವಾಡಿಯ ಹುಡುಗನನ್ನು ನೋಡಿದ್ದು ಈ ಓಡಾಟದಲ್ಲೇ. ನನಗಿಂತ ಒಂದು ಇಂಚು ಕಡಿಮೆ, ಮೈ ತೆಳ್ಳಗೆ. ಅವನ ತಂಡದಲ್ಲಿ ಸೀನಿಯರ್ ಸೆಂಟರ್ ಒಬ್ಬ ಇದ್ದುದರಿಂದ ಇವನಿಗೆ ಸಿಗುತ್ತಿದ್ದದ್ದು ಅರ್ಧ ಆಟ. ಆರು ಪಾಯಿಂಟ್, ಎಂಟು ಪಾಯಿಂಟ್, ಅದಕ್ಕಿಂತ ಹೆಚ್ಚು ಹೊಡೆದದ್ದು ನಾನು ನೋಡಿಲ್ಲ. ನನ್ನ ಲೆಕ್ಕದಲ್ಲಿ ಅವನು ಇರಲೇ ಇಲ್ಲ.

ಮುಂದಿನ ವರ್ಷ ವಿಶ್ವವಿದ್ಯಾಲಯ ತಂಡದ ಆಯ್ಕೆ ನಡೆಯಿತು. ಸೆಂಟರ್ ಜಾಗದಲ್ಲಿ ಆಡುವವರು ಹಿಂದಿನ ವರ್ಷದವರೇ ಇಬ್ಬರಿದ್ದರು, ಖಾಲಿ ಇದ್ದದ್ದು ಒಂದು. ನಮಗೆ ಅದು ಬರೀ ಜರ್ಸಿಯ ಪ್ರಶ್ನೆ ಆಗಿರಲಿಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮಗಳಲ್ಲಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರೂ ಅರ್ಜಿ ಹಾಕಬಹುದು. ಆ ಪ್ರಮಾಣಪತ್ರ ಇದ್ದರೆ ಒಂದು ಬಾಗಿಲು ಹೆಚ್ಚು. ನಮ್ಮ ಮನೆಯಲ್ಲಿ ಅಪ್ಪ ಅದನ್ನು ಬ್ಯಾಂಕಿನ ಪಾಸ್‌ಬುಕ್ ಜತೆ ಇಡಲು ಪ್ಲಾಸ್ಟಿಕ್ ಕವರ್ ಕೂಡ ತಂದಿಟ್ಟಿದ್ದರು.

ಆಯ್ಕೆಗಾರರು ಮೊದಲು ಅರ್ಧ ತಾಸು ಆಡಿಸಿದರು. ವಾಡಿ ಹುಡುಗನ ತಲೆಯ ಮೇಲಿಂದಲೇ ಐದು ಬ್ಯಾಸ್ಕೆಟ್ ಹಾಕಿದೆ. ಆಯಿತು, ಮುಗಿಯಿತು ಅಂದುಕೊಂಡೆ. ಆಗ ಅವರು ಸೀಟಿ ಊದಿ, 'ಇಬ್ಬರೂ ಇಪ್ಪತ್ತಿಪ್ಪತ್ತು ಫ್ರೀ ಥ್ರೋ ಹಾಕಿ' ಅಂದರು. ನನ್ನವು 9 ಬಿದ್ದವು. ಅವನವು 16. ಆಮೇಲೆ ಅವನನ್ನು ರಿಂಗ್‌ನಿಂದ ದೂರ ನಿಲ್ಲಿಸಿ ಒಂದಷ್ಟು ಪಾಸ್ ಕೊಡಿಸಿದರು, ಅಲ್ಲಿಂದಲೇ ಬಾಲ್ ಎಸೆಸಿದರು. ನನ್ನನ್ನು ಕರೆಯಲಿಲ್ಲ. ಸಂಜೆ ಪಟ್ಟಿಯಲ್ಲಿ ಅವನ ಹೆಸರಿತ್ತು.

ಕಲಬುರಗಿಯಿಂದ ಇಬ್ಬರಿಗೂ ಒಂದೇ ರೈಲು. ವಾಡಿ ಬರುವ ತನಕ ನಾನು ನಿದ್ದೆ ಬಂದವರಂತೆ ಕಣ್ಣು ಮುಚ್ಚಿ ಕೂತಿದ್ದೆ. ಇಳಿಯುವಾಗ ಅವನು ನನ್ನ ಬ್ಯಾಗನ್ನು ಕಾಲ ಬಳಿಯಿಂದ ಎತ್ತಿ ಸೀಟಿನ ಮೇಲಿಟ್ಟು ಹೋದ. ಕಣ್ಣು ತೆರೆಯಲಿಲ್ಲ ನಾನು.

ಮರುದಿನ ಪಿ.ಟಿ. ಸರ್ ಮುಂದೆ ಹೋಗಿ ಅನ್ಯಾಯ ಆಯ್ತು ಅಂತ ದೂರು ಹೇಳಿದೆ. ಪೂರ್ತಿ ಕೇಳಿಸಿಕೊಂಡ ಅವರು ಒಂದೇ ಮಾತು ಅಂದರು: 'ಫೋನಿನ್ಯಾಗ ಏನೇನೋ ನೋಡ್ತಿ. 2015ರ ಎನ್‌ಬಿಎ ಡ್ರಾಫ್ಟ್ ಒಂದ್ ಸಲ ಓದು. ಓಕಫೋರ್, ಟೌನ್ಸ್. ಓದಿ ಬಾ, ಆಮ್ಯಾಲ ಮಾತಾಡಣ.'

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಥರ ಹಣ ಕೂಗುವುದಲ್ಲ. ಅಮೆರಿಕದ ಎನ್‌ಬಿಎಯಲ್ಲಿ ಪ್ರತಿ ವರ್ಷ ತಂಡಗಳು ಸರದಿಯಂತೆ ಹೊಸ ಹುಡುಗರ ಹೆಸರು ಕರೆಯುತ್ತವೆ. 2015ರಲ್ಲಿ ಒಟ್ಟು 60 ಹೆಸರು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು, ಅದನ್ನೂ ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಆ ಸಲ ಲಾಟರಿ ಗೆದ್ದದ್ದು ಮಿನೆಸೋಟ ಟಿಂಬರ್‌ವುಲ್ವ್ಸ್. 82 ಪಂದ್ಯಗಳಲ್ಲಿ 16 ಮಾತ್ರ ಗೆದ್ದಿದ್ದ ತಂಡ. ಅವರ ಮುಂದೆ ಇಬ್ಬರು ಉದ್ದನೆಯ ಹುಡುಗರಿದ್ದರು. ಇಬ್ಬರೂ ಹುಟ್ಟಿದ್ದು 1995ರಲ್ಲಿ, ಒಂದು ತಿಂಗಳ ಅಂತರದಲ್ಲಿ. ಇಬ್ಬರೂ ಕಾಲೇಜಿನಲ್ಲಿ ಆಡಿದ್ದು ಒಂದೇ ವರ್ಷ.

ಷಿಕಾಗೋದ ಜಲೀಲ್ ಓಕಫೋರ್ ಡ್ಯೂಕ್ ವಿಶ್ವವಿದ್ಯಾಲಯದವನು. ಹೈಸ್ಕೂಲಿನಲ್ಲಿದ್ದಾಗಲೇ ಅವನ ವಯಸ್ಸಿನವರಲ್ಲಿ ದೇಶಕ್ಕೇ ಮೊದಲಿಗ ಅನ್ನಿಸಿಕೊಂಡಿದ್ದ. ರಿಂಗ್‌ಗೆ ಬೆನ್ನು ಹಾಕಿ ನಿಂತು, ಬಾಲ್ ಹಿಡಿದು, ಹಿಂದಿನವನನ್ನು ಭುಜದಿಂದ ಸರಿಸಿ ತಿರುಗಿದನೆಂದರೆ ಪಾಯಿಂಟ್ ಬಿತ್ತು ಅಂತಲೇ ಲೆಕ್ಕ. ಪಂದ್ಯಕ್ಕೆ ಸರಾಸರಿ 17.3 ಪಾಯಿಂಟ್. ಎಸೆದ ಮೂರರಲ್ಲಿ ಎರಡು ಒಳಗೆ. ಆ ವರ್ಷ ಡ್ಯೂಕ್ ರಾಷ್ಟ್ರೀಯ ಚಾಂಪಿಯನ್ ಕೂಡ ಆಯಿತು.

ನ್ಯೂಜೆರ್ಸಿಯ ಕಾರ್ಲ್-ಆಂಥನಿ ಟೌನ್ಸ್ ಕೆಂಟಕಿಯವನು. ಅಲ್ಲಿ ಪ್ರತಿಭೆಗಳ ಜಾತ್ರೆಯೇ ಇತ್ತು. ಹಾಗಾಗಿ ಪಂದ್ಯಕ್ಕೆ ಅವನಿಗೆ ಸಿಗುತ್ತಿದ್ದದ್ದು 21 ನಿಮಿಷ, ಪಾಯಿಂಟ್ ಸರಾಸರಿ 10.3. ಸತತ 38 ಪಂದ್ಯ ಗೆದ್ದ ಕೆಂಟಕಿ ಸೆಮಿಫೈನಲ್‌ನಲ್ಲಿ ಸೋತು ಮನೆಗೆ ಹೋಯಿತು. ಅವರನ್ನು ಸೋಲಿಸಿದ ವಿಸ್ಕಾನ್ಸಿನ್ ತಂಡವನ್ನೇ ಫೈನಲ್‌ನಲ್ಲಿ ಓಕಫೋರ್‌ನ ಡ್ಯೂಕ್ ಸೋಲಿಸಿತು.

ಬರೀ ಈ ಅಂಕಿಗಳನ್ನು ಇಟ್ಟುಕೊಂಡು ನೀವೇ ಹೇಳಿ, ಯಾರನ್ನು ಆರಿಸುತ್ತಿದ್ದಿರಿ? ನಾನಂತೂ ಕಣ್ಣು ಮುಚ್ಚಿ ಓಕಫೋರ್ ಅನ್ನುತ್ತಿದ್ದೆ. ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಮಿನೆಸೋಟ ಟೌನ್ಸ್‌ನನ್ನು ಮೊದಲನೆಯವನಾಗಿ ಕರೆಯಿತು. ಓಕಫೋರ್ ಮೂರನೆಯವನಾಗಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಪಾಲಾದ.

ಹುಡುಕುತ್ತಾ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಂಕಿ. ಕಾಲೇಜಿನಲ್ಲಿ ಟೌನ್ಸ್ ನೂರು ಫ್ರೀ ಥ್ರೋಗೆ 81ರ ಲೆಕ್ಕದಲ್ಲಿ ಹಾಕಿದ್ದ. ಓಕಫೋರ್ 51. ಫ್ರೀ ಥ್ರೋ ಗೆರೆ ಬೋರ್ಡಿನಿಂದ 15 ಅಡಿ ದೂರ. ಅಲ್ಲಿ ನಿಂತವನನ್ನು ಯಾರೂ ತಡೆಯುವುದಿಲ್ಲ, ಯಾರೂ ತಳ್ಳುವುದಿಲ್ಲ. ಎದುರಾಳಿ ಗಿಡ್ಡನೋ ಉದ್ದನೋ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕೈ ಎಷ್ಟು ಹದವಾಗಿದೆ ಅನ್ನುವುದಷ್ಟೇ ಕಾಣುತ್ತದೆ. ಟೌನ್ಸ್ ಇಡೀ ವರ್ಷದಲ್ಲಿ ಮೂರು ಪಾಯಿಂಟಿನ ಗೆರೆಯಾಚೆಯಿಂದ ಎಸೆದದ್ದು 8 ಸಲ, ಬಿದ್ದದ್ದು 2. ಅಂದರೆ ಅವನಿಗೆ ದೂರದಿಂದ ಹಾಕಲು ಬರುತ್ತದೆ ಅಂತ ಪಂದ್ಯಗಳ ಲೆಕ್ಕ ಹೇಳುತ್ತಿರಲಿಲ್ಲ. ಸುಳಿವು ಇದ್ದದ್ದು ಆ ಗೆರೆಯಲ್ಲಿ.

ಆಟ ಬದಲಾಗುತ್ತಿದ್ದ ಹೊತ್ತೂ ಅದೇ. ಡ್ರಾಫ್ಟ್‌ಗೆ ಒಂಬತ್ತು ದಿನ ಮೊದಲು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎನ್‌ಬಿಎ ಕಿರೀಟ ಗೆದ್ದಿತ್ತು. ಅಂತಿಮ ಸರಣಿಯ ನಾಲ್ಕನೇ ಪಂದ್ಯದಿಂದ ಅವರು ಏಳು ಅಡಿಯ ಆಂಡ್ರೂ ಬೋಗಟ್‌ನನ್ನು ಆರಂಭದ ಐವರಿಂದ ಕೈಬಿಟ್ಟು, ಆರೂವರೆ ಅಡಿ ಆಸುಪಾಸಿನ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಮಾಡಿ ಆಡಿಸಿದರು. ಉದ್ದನೆಯವನು ಇನ್ನು ರಿಂಗ್ ಕೆಳಗೆ ಕಂಬದ ಥರ ನಿಂತರೆ ಸಾಲದು, ಹೊರಗೆ ಬರಬೇಕು, ಎಸೆಯಬೇಕು, ಓಡುವವನ ಹಿಂದೆ ಓಡಬೇಕು ಅನ್ನುವ ಕಾಲ ಬಂದಿತ್ತು. 'ಇಲ್ಲೇ ನಿಂದ್ರು, ಬಾಲ್ ಬಂದ್ರ ಮ್ಯಾಲ ಇಡು' ಅನ್ನುವ ಕಾಲ ಮುಗಿದಿತ್ತು. ನಮ್ಮಲ್ಲಿಗೆ ಆ ಸುದ್ದಿ ಸ್ವಲ್ಪ ತಡವಾಗಿ ಬಂತು, ಅಷ್ಟೇ.

ಟೌನ್ಸ್ ಮೊದಲ ವರ್ಷ 82 ಪಂದ್ಯಗಳನ್ನೂ ಆಡಿ, ಸರಾಸರಿ 18.3 ಪಾಯಿಂಟ್ ಗಳಿಸಿ, ಹೊಸಬರ ಪ್ರಶಸ್ತಿಯನ್ನು ಸರ್ವಾನುಮತದಿಂದ ಪಡೆದ. 2022ರಲ್ಲಿ ಆಲ್‌ಸ್ಟಾರ್ ವಾರದ ಮೂರು ಪಾಯಿಂಟ್ ಸ್ಪರ್ಧೆಯನ್ನೂ ಗೆದ್ದ. ಕಾಲೇಜಿನಲ್ಲಿ ಎಂಟು ಸಲ ಮಾತ್ರ ಎಸೆದಿದ್ದ ಅದೇ ಹುಡುಗ!

ಇದನ್ನು ಓದಿ ಎರಡು ದಿನ ನಾನು ಸುಮ್ಮನಾದೆ. ಆಯ್ಕೆಗಾರರು ಸರಿ, ನಾನು ತಪ್ಪು ಅಂದುಕೊಂಡೆ. ನನ್ನದು 20ಕ್ಕೆ 9. ಓಕಫೋರ್‌ಗಿಂತಲೂ ಕಡಿಮೆ.

ಆದರೆ ಓಕಫೋರ್ ಕಥೆಯನ್ನು ಪೂರ್ತಿ ಓದಿದ ಮೇಲೆ ಅಷ್ಟು ಸುಲಭಕ್ಕೆ ಒಪ್ಪಲು ಆಗಲಿಲ್ಲ. ಅವನು ಮೊದಲ ವರ್ಷವೇ ಸರಾಸರಿ 17.5 ಪಾಯಿಂಟ್ ಹೊಡೆದಿದ್ದಾನೆ. ಟೌನ್ಸ್‌ಗಿಂತ ಒಂದು ಪಾಯಿಂಟೂ ಕಡಿಮೆ ಇಲ್ಲ ಅನ್ನಬೇಕು. ಆದರೆ ಅವನ ತಂಡ ಆ ವರ್ಷ ಗೆದ್ದದ್ದು 10, ಸೋತದ್ದು 72. ಮಾರ್ಚ್ ಹೊತ್ತಿಗೆ ಮಂಡಿ ಕೈಕೊಟ್ಟಿತು. ಅದಕ್ಕಿಂತ ದೊಡ್ಡ ತೊಂದರೆ ಅವನನ್ನು ಕರೆದ ಮನೆಯದು. ಅಲ್ಲಿ ಆಗಲೇ ನೆರ್ಲೆನ್ಸ್ ನೋಯೆಲ್ ಇದ್ದ, ಗಾಯದಿಂದ ಹೊರಗಿದ್ದರೂ ಜೋಯೆಲ್ ಎಂಬೀಡ್ ಇದ್ದ. ಒಂದೇ ಕುರ್ಚಿ, ಮೂವರು ಉದ್ದನೆಯವರು. ಎಂಬೀಡ್ ಚೇತರಿಸಿಕೊಂಡು ಆಡಲು ಬಂದ ಮೇಲೆ ಓಕಫೋರ್‌ಗೆ ಜಾಗವೇ ಇಲ್ಲದಾಯಿತು. 2017ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ಗೆ ಕಳಿಸುವ ಮೊದಲು ಆ ಋತುವಿನಲ್ಲಿ ಅವನನ್ನು ಆಡಿಸಿದ್ದು ಎರಡೇ ಪಂದ್ಯ. ಮೊದಲ ಆರು ವರ್ಷಗಳಲ್ಲಿ ನಾಲ್ಕು ತಂಡ ಸುತ್ತಿದ. ಅವನು ಮಿನೆಸೋಟಕ್ಕೆ, ಟೌನ್ಸ್ ಫಿಲಡೆಲ್ಫಿಯಾಕ್ಕೆ ಹೋಗಿದ್ದರೆ? ಕೈಯ ಹದ ಟೌನ್ಸ್‌ನದೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಇಬ್ಬರ ನಡುವಿನ ಅಂತರ ಇಷ್ಟು ದೊಡ್ಡದಾಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಇದನ್ನೇ ಸರ್ ಮುಂದೆ ಹೇಳಿದೆ. ಅವರು ನಕ್ಕು, 'ಹೌದಪಾ, ಖರೇ ಅದ. ಆದ್ರ ತಂಡ ನಿನ್ನ ಕೈಯಾಗಿಲ್ಲ, ಫ್ರೀ ಥ್ರೋ ನಿನ್ನ ಕೈಯಾಗದ' ಅಂದರು.

ಅದೇ ರಾತ್ರಿ 52ನೆಯವನಾಗಿ ಒಂದು ಹೆಸರು ಬಂತು. ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಹುಡುಗ, ಏಳು ಅಡಿ ಎರಡು ಇಂಚು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. 14ನೇ ವಯಸ್ಸಿನಲ್ಲಿ ಇಂಗ್ಲಿಷ್ ಬಾರದೆ ಫ್ಲಾರಿಡಾದ ಅಕಾಡೆಮಿಗೆ ಹೋದವನು. ಡಲ್ಲಾಸ್ ಮಾವರಿಕ್ಸ್ ಅವನನ್ನು ಕರೆಯಿತು, ಇಡೀ ದೇಶ ಕುಣಿಯಿತು, 'ಒನ್ ಇನ್ ಎ ಬಿಲಿಯನ್' ಅಂತ ಸಾಕ್ಷ್ಯಚಿತ್ರವೂ ಬಂತು. ಆದರೆ ಅವನು ಆಡಿದ್ದು ಮಾವರಿಕ್ಸ್‌ನ ಕೆಳಹಂತದ ತಂಡ ಟೆಕ್ಸಸ್ ಲೆಜೆಂಡ್ಸ್‌ಗೆ. ಎನ್‌ಬಿಎಯ ಒಂದು ಪಂದ್ಯದಲ್ಲೂ ಅಂಕಣಕ್ಕಿಳಿಯಲಿಲ್ಲ. ಮುಂದೆ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧಕ್ಕೊಳಗಾದ. ಈಗ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಪಟು. ಪಟ್ಟಿಯಲ್ಲಿ ಹೆಸರು ಬರುವುದು ಒಂದು, ಬಂದ ಮೇಲೆ ಆಟ ಸಿಗುವುದು ಇನ್ನೊಂದು ಅಂತ ನನಗೆ ಹೊಳೆದದ್ದು ಇವನ ಕಥೆಯಿಂದ.

ವಾಡಿ ಹುಡುಗನಿಗೂ ಹಾಗೇ ಆಯಿತು. ತಂಡದ ಜತೆ ಹೋದ, ಹೆಚ್ಚು ಹೊತ್ತು ಬೆಂಚಿನಲ್ಲೇ ಕೂತ, ಪ್ರಮಾಣಪತ್ರ ತಂದ. ಕ್ರೀಡಾ ಕೋಟಾದಲ್ಲಿ ಮೂರು ಕಡೆ ಅರ್ಜಿ ಹಾಕಿದ್ದಾನೆ, ಎಲ್ಲಿಂದಲೂ ಕರೆ ಬಂದಿಲ್ಲ. ಸದ್ಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ಇದು ಗೊತ್ತಾದಾಗ ನನಗೆ ಖುಷಿ ಆಗಬೇಕಿತ್ತು, ಆಗಲಿಲ್ಲ. ಆದದ್ದು ಹೆದರಿಕೆ.

ಈಗ ಮೂರನೆಯ ಮಾತು, ಪೊಲೀಸ್. ಅರ್ಜಿ ಹಾಕಲು ನಿಯಮ ಓದಿದೆ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರಿಗೆ 168 ಸೆಂ.ಮೀ. ಎತ್ತರ ಬೇಕು. ನನ್ನದು 190. ಉಳಿದ 22 ಸೆಂ.ಮೀ.ಗೆ ಒಂದು ಅಂಕವೂ ಇಲ್ಲ! ಎತ್ತರ ಒಳಗೆ ಬಿಡುತ್ತದೆ, ಅಷ್ಟೇ. ಆಮೇಲೆ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಪಟ್ಟಿಯಲ್ಲಿ ಹೆಸರು ಮೇಲೆ ಬರಬೇಕಾದರೆ ಲಿಖಿತ ಪರೀಕ್ಷೆ. ರಿಂಗ್ ಕೆಳಗೆ ನಿಂತು ಅಭ್ಯಾಸವಾದ ನನಗೆ ಮೊದಲ ದಿನ ಆ ಓಟಕ್ಕೆ ಬೇಕಾದದ್ದು ಎಂಟೂಕಾಲು ನಿಮಿಷ. ಈಗ ಆರು ನಿಮಿಷ ನಲವತ್ತು ಸೆಕೆಂಡ್. ಸಾಮಾನ್ಯ ಜ್ಞಾನದ ಮಾದರಿ ಪರೀಕ್ಷೆಯಲ್ಲಿ ಅಂಕ ಏರಿಲ್ಲ, ಅದು ಬೇರೆ ತಲೆನೋವು.

ಹೋದ ಭಾನುವಾರ ವಾಡಿಗೆ ಹೋಗಿದ್ದೆ. ರೈಲ್ವೆ ಗೇಟಿನ ಆಚೆ ಒಂದು ಹಳೆಯ ಕೋರ್ಟ್ ಇದೆ, ರಿಂಗ್‌ಗೆ ನೆಟ್ ಇಲ್ಲ. ಅವನಿಗೆ ರಾತ್ರಿ ಪಾಳಿ ಮುಗಿದಿತ್ತು, ಕಣ್ಣು ಕೆಂಪಗಿದ್ದವು. ಆವತ್ತು ರೈಲಿನಲ್ಲಿ ಎಚ್ಚರ ಇದ್ದೆ ಅಂತ ಹೇಳಿದೆ. 'ಗೊತ್ತಿತ್ತು ಬಿಡು' ಅಂದ. ಇಬ್ಬರೂ ಇಪ್ಪತ್ತಿಪ್ಪತ್ತು ಹಾಕಿದೆವು. ಅವನವು 17, ನನ್ನವು 13. ಇನ್ನೊಂದು ಸಲ ಹಾಕೋಣ ಅಂದೆ. 'ನಿನ್ನ ಗಾಡಿ ಟೈಮ್ ಆಯ್ತು, ಮುಂದಿನ ವಾರ ಬಾ. ಓಟಕ್ಕ ನಾನೂ ಬರ್ತೀನಿ, ಫಾರ್ಮ್ ನಾನೂ ತುಂಬೀನಿ' ಅಂತ ಹೇಳಿ ಬಾಲ್ ಎತ್ತಿಕೊಂಡು ಹೊರಟ.