ತಟ್ಟೆಯಲ್ಲಿ ಆಲದ ಮರ

ಅಕ್ಕಂದಿರೇ, ಚಳ್ಳಕೆರೆ ಕಡೆಯ ಕಾವಲಿನಲ್ಲಿ ಕುರಿ ಮೇಕೆ ಮೇಯುವುದನ್ನು ನೀವು ನೋಡಿದ್ದೀರಿ. ಅಲ್ಲಿನ ಜಾಲಿ ಗಿಡವನ್ನು ಗಮನಿಸಿದ್ದೀರಾ? ಮೇಕೆ ಬಾಯಿ ಹಾಕಿದ ಗಿಡ ಮೊಳಕಾಲೆತ್ತರ ದಾಟುವುದಿಲ್ಲ. ಚಿಗುರು ಬಂದ ಹಾಗೆಲ್ಲ ಮೇಕೆ ಕಚ್ಚುತ್ತದೆ. ಗಿಡ ಮೇಲೆ ಹೋಗದೆ ಅಕ್ಕಪಕ್ಕ ಕವಲು ಒಡೆಯುತ್ತದೆ. ಬುಡ ಮಾತ್ರ ದಪ್ಪ ಆಗುತ್ತದೆ. ನೋಡಿದರೆ ಗಿಡ, ವಯಸ್ಸು ಕೇಳಿದರೆ ಮರ.

ಮೇಕೆ ಬಾಯಿಂದ ಮಾಡುವ ಕೆಲಸವನ್ನು ಮನುಷ್ಯರು ಕತ್ತರಿಯಿಂದ ಮಾಡುತ್ತಾರೆ. ಅದಕ್ಕೆ ಬೋನ್ಸಾಯ್ ಅಂತಾರೆ. ಇದು ಜಪಾನ್ ದೇಶದ ಮಾತು. ತಟ್ಟೆಯಲ್ಲಿ ನೆಟ್ಟದ್ದು ಎಂದು ಅರ್ಥ. ಈ ವಿದ್ಯೆ ಚೀನಾದಲ್ಲಿ ಹುಟ್ಟಿ ಜಪಾನಿಗೆ ಹೋಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಅಲ್ಲಿ ಇಂಥ ಮರಗಳನ್ನು ಇಟ್ಟಿರುತ್ತಾರೆ. ಗೇಣುದ್ದದ ಆಲದ ಮರ! ಬುಡ, ಬೇರು, ಕೊಂಬೆ, ಎಲೆ ಎಲ್ಲಾ ಇರುತ್ತದೆ.

ಇದನ್ನು ಹೇಳಿದಾಗ ಒಬ್ಬ ಅಜ್ಜಿ ನಮ್ಮನ್ನು ಕೇಳಿದರು: “ದೊಡ್ಡ ಮರ ಆಗೋದನ್ನ ಹಿಂಗೆ ಕಟ್ಟಿ ಹಾಕಿದ್ರೆ ಪಾಪ ಅಲ್ವೇನವ್ವಾ? ಉಪವಾಸ ಕೆಡವಿದಂಗೆ ಅಲ್ವಾ?”

ಒಳ್ಳೆಯ ಪ್ರಶ್ನೆ. ಆದರೆ ಹಿಪ್ಪುನೇರಳೆ ತೋಟವನ್ನು ನೆನೆಸಿಕೊಳ್ಳಿ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ಹುಳ ಹಿಪ್ಪುನೇರಳೆ ಸೊಪ್ಪು ತಿಂದರೇ ರೇಷ್ಮೆ. ಬಿಟ್ಟರೆ ಹಿಪ್ಪುನೇರಳೆ ದೊಡ್ಡ ಮರ ಆಗುತ್ತದೆ. ರೈತರು ಬಿಡುವುದಿಲ್ಲ. ಕತ್ತರಿಸಿ ಕತ್ತರಿಸಿ ಕೈಗೆಟುಕುವ ಹಾಗೆ ಇಡುತ್ತಾರೆ. ಕತ್ತರಿಸಿದಷ್ಟೂ ಚಿಗುರುತ್ತದೆ. ಅದಕ್ಕೆ ಗೊಬ್ಬರ, ನೀರು ಕೊಡುತ್ತಾರೆ, ಉಪವಾಸ ಕೆಡವುವುದಿಲ್ಲ. ತಟ್ಟೆಯ ಮರವೂ ಹಾಗೆಯೇ. ಉಪವಾಸ ಬಿದ್ದ ಮರ ಚಿಕ್ಕದಾಗುವುದಿಲ್ಲ, ಸಾಯುತ್ತದೆ.

ಗಿಡ ಎಲ್ಲಿ ಸಿಗುತ್ತದೆ? ನಿಮ್ಮೂರಿನ ಹಳೆ ಬಾವಿಯ ಗೋಡೆ ನೋಡಿ. ಗುಡಿಯ ಗೋಡೆ ನೋಡಿ. ಹಕ್ಕಿ ಹಾಕಿದ ಬೀಜದಿಂದ ಆಲ, ಅರಳಿ ಸಸಿ ಹುಟ್ಟಿರುತ್ತವೆ. ಅರಳಿ ಕೀಳಲು ಕೆಲವರಿಗೆ ಮನಸ್ಸು ಬರುವುದಿಲ್ಲ. ಬಿಟ್ಟರೆ ಅದು ಗೋಡೆಯನ್ನೇ ಸೀಳುತ್ತದೆ. ಬೇರು ಹರಿಯದ ಹಾಗೆ ಬಿಡಿಸಿ ತಂದು ನೆಟ್ಟರೆ ಗೋಡೆಯೂ ಉಳಿಯಿತು, ಗಿಡವೂ ಉಳಿಯಿತು. ಮಳೆಗಾಲದಲ್ಲಿ ಬಿಡಿಸಿ. ಬೇರಿಗೆ ಒದ್ದೆ ಗೋಣಿ ಸುತ್ತಿ ತನ್ನಿ.

ಕಡ್ಡಿಯಿಂದಲೂ ಮಾಡಬಹುದು. ಹಿಪ್ಪುನೇರಳೆ ಕಡ್ಡಿ ನೆಟ್ಟವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಲ ಅಥವಾ ದಾಳಿಂಬೆಯ ಬಲಿತ ಕಡ್ಡಿ ತೆಗೆದುಕೊಳ್ಳಿ. ಪೆನ್ಸಿಲ್ಲಿಗಿಂತ ತೆಳ್ಳಗೆ ಇರಬಾರದು. ಗೇಣುದ್ದ ಸಾಕು. ನಾಲ್ಕು ಕಣ್ಣಾದರೂ ಇರಲಿ. ಬುಡವನ್ನು ಓರೆಯಾಗಿ ಕತ್ತರಿಸಿ. ಆಗ ತಲೆ ಯಾವುದು ಬುಡ ಯಾವುದು ಎಂದು ಮರೆಯುವುದಿಲ್ಲ. ಆಲದ ಕಡ್ಡಿಯಿಂದ ಹಾಲು ಸುರಿಯುತ್ತದೆ. ಅದನ್ನು ತೊಳೆದು ಆರಲು ಬಿಡಿ. ಎರಡು ಕಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು ನೆರಳಲ್ಲಿ ಇಡಿ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ಮಾಡುತ್ತಾರೆ. ನಾವೂ ಮಾಡಿದ್ದೇವೆ. ಎರಡು ವಾರಕ್ಕೆ ಚಿಗುರು ಬರುತ್ತದೆ. ಬೇರು ಬಂತು ಎಂದು ಹಿಗ್ಗಿ ಕಿತ್ತು ನೋಡುತ್ತೇವೆ. ಆ ಚಿಗುರು ಕಡ್ಡಿಯೊಳಗೆ ಉಳಿದಿದ್ದ ಸತ್ವದಿಂದ ಬಂದದ್ದು. ಬೇರು ಇನ್ನೂ ಬಂದಿರುವುದಿಲ್ಲ. ಎರಡು ತಿಂಗಳಾದರೂ ಕೈ ಹಚ್ಚಬೇಡಿ.

ಸಸಿಯನ್ನು ಕೂಡಲೇ ತಟ್ಟೆಗೆ ಹಾಕಬೇಡಿ. ಒಂದೆರಡು ವರ್ಷ ನೆಲದಲ್ಲೋ ದೊಡ್ಡ ಕುಂಡದಲ್ಲೋ ಬೆಳೆಯಲಿ. ಬುಡ ದಪ್ಪ ಆಗುವುದು ಅಲ್ಲೇ. ಆಮೇಲೆ ಮುಂಗಾರು ಶುರುವಾದಾಗ ತಟ್ಟೆಗೆ ತನ್ನಿ. ನಾಲ್ಕು ಬೆರಳು ಆಳದ ಮಣ್ಣಿನ ತಟ್ಟೆ ಸಾಕು. ಕೆಳಗೆ ತೂತು ಇರಲೇಬೇಕು. ತೂತಿನ ಮೇಲೆ ಹೆಂಚಿನ ಚೂರು ಇಡಿ. ಕೆಮ್ಮಣ್ಣು, ದಪ್ಪ ಮರಳು, ಹಳೆ ಕೊಟ್ಟಿಗೆ ಗೊಬ್ಬರ ಬೆರೆಸಿ ಜರಡಿ ಹಿಡಿಯಿರಿ. ನುಣ್ಣನೆ ಪುಡಿ ಬೇಡ, ತರಿ ಬೇಕು. ಎರೆಮಣ್ಣು ಬೇಡವೇ ಬೇಡ. ಅದು ನೀರು ಹಿಡಿದರೆ ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ.

ನೇರ ಕೆಳಗೆ ಇಳಿದ ದಪ್ಪ ಬೇರನ್ನು ಕತ್ತರಿಸಿ. ಎಳೆ ಬೇರುಗಳನ್ನು ಉಳಿಸಿ. ನೀರು ಕುಡಿಯುವುದು ಅವೇ. ಬೇರು ಕತ್ತರಿಸಿದ ದಿನ ಮೇಲೆ ಎಲೆಯನ್ನೂ ಕಡಿಮೆ ಮಾಡಿ. ಬಾಯಿ ಕಡಿಮೆಯಾದ ಮೇಲೆ ಹೊಟ್ಟೆಯೂ ಕಡಿಮೆ ಆಗಬೇಕಲ್ಲ.

ಇನ್ನು ರೂಪ. ಚಿಗುರಿನಲ್ಲಿ ಐದಾರು ಎಲೆ ಬಂದಾಗ ಎರಡು ಎಲೆ ಬಿಟ್ಟು ಉಳಿದದ್ದು ಚಿವುಟಿ. ಕೊಂಬೆ ಬಗ್ಗಿಸಲು ತಂತಿ ಸುತ್ತುತ್ತಾರೆ. ತಂತಿಯನ್ನು ಮರೆತರೆ ಅದು ತೊಗಟೆಯೊಳಗೆ ಕಚ್ಚಿಕೊಳ್ಳುತ್ತದೆ. ಆ ಗಾಯ ಮಾಯುವುದು ಕಷ್ಟ. ನಮಗೆ ಕಲ್ಲಿನ ದಾರಿಯೇ ಮೇಲು ಅನಿಸುತ್ತದೆ. ಸಣ್ಣ ಕಲ್ಲಿಗೆ ದಾರ ಕಟ್ಟಿ ಕೊಂಬೆಗೆ ಇಳಿಬಿಡಿ. ತಾನಾಗಿ ಬಾಗುತ್ತದೆ. ಖರ್ಚೂ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ತಟ್ಟೆಯಿಂದ ತೆಗೆದು, ಬೇರು ಸವರಿ, ಹೊಸ ಮಣ್ಣು ಹಾಕಬೇಕು.

ಗೊಬ್ಬರಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಹಿಂಡಿಯನ್ನು ನೀರಲ್ಲಿ ಕೊಳೆಹಾಕಿ, ತುಂಬಾ ತೆಳ್ಳಗೆ ಮಾಡಿ ತಿಂಗಳಿಗೊಮ್ಮೆ ಹಾಕಿ. ವಾಸನೆ ಬರುತ್ತದೆ, ಎರಡು ದಿನ ತಡೆದುಕೊಳ್ಳಿ.

ಮುಖ್ಯ ಮಾತು ನೀರಿನದು. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಹೊಲದ ಬೇವು ಆಳಕ್ಕೆ ಬೇರು ಬಿಟ್ಟು ನೀರು ಹುಡುಕಿಕೊಳ್ಳುತ್ತದೆ. ತಟ್ಟೆಯ ಮರಕ್ಕೆ ಹುಡುಕಲು ಜಾಗ ಎಲ್ಲಿ? ಇರುವುದು ನಾಲ್ಕು ಬೆರಳು ಮಣ್ಣು. ದಿನಾ ಬೆರಳಿಟ್ಟು ನೋಡಿ ನೀರು ಹಾಕಬೇಕು. ಬೇಸಿಗೆಯಲ್ಲಿ ಎರಡು ಹೊತ್ತು. ಬೋರಿನ ಗಡಸು ನೀರಿನಿಂದ ತಟ್ಟೆಯ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟರೆ ಒಳ್ಳೆಯದು. ಟಿ.ವಿ. ಮೇಲೆ ಇಡುವ ಗಿಡ ಇದಲ್ಲ. ಇದಕ್ಕೆ ಬಿಸಿಲು ಬೇಕು. ಚೈತ್ರ ವೈಶಾಖದ ಮಧ್ಯಾಹ್ನ ಮಾತ್ರ ನೆರಳು ಬೇಕು.

ನಮ್ಮಲ್ಲೊಬ್ಬರು ನಾಲ್ಕು ವರ್ಷ ಸಾಕಿದ ಅರಳಿ ಹೀಗೇ ಹೋಯಿತು. ಫಾಲ್ಗುಣದಲ್ಲಿ ನಾಯಕನಹಟ್ಟಿ ತೇರಿಗೆ ಹೋಗಿ ಮೂರು ದಿನ ನೆಂಟರ ಮನೆಯಲ್ಲಿ ಉಳಿದರು. ಪಕ್ಕದ ಮನೆಗೆ ಕೋಳಿ, ಮೇಕೆ ಎಲ್ಲಾ ಒಪ್ಪಿಸಿದ್ದರು. ಗಿಡಕ್ಕೆ ನೀರು ಹಾಕಿ ಎಂದು ಹೇಳುವುದು ಮರೆತಿದ್ದರು. ಬಂದು ನೋಡಿದರೆ ಎಲೆ ಮುಟ್ಟಿದರೆ ಪುಡಿ.

ಜಪಾನಿನ ಹಿರೋಶಿಮಾ ಊರಿನಲ್ಲಿ ಯಮಾಕಿ ಎಂಬ ಮನೆತನ ಇತ್ತು. ಅವರ ಹತ್ತಿರ ಪೈನ್ ಜಾತಿಯ ಒಂದು ತಟ್ಟೆ ಮರ ಇತ್ತು. 1625ರಿಂದ ಅದನ್ನು ಸಾಕಿದ್ದರು. 1945ರ ಆಗಸ್ಟ್ 6ರಂದು ಅಮೆರಿಕ ಆ ಊರಿನ ಮೇಲೆ ಅಣುಬಾಂಬ್ ಹಾಕಿತು. ಬಾಂಬ್ ಬಿದ್ದ ಜಾಗದಿಂದ ಇವರ ಮನೆ ಸುಮಾರು 3 ಕಿಲೋಮೀಟರ್. ಮನೆಯವರೂ ಉಳಿದರು, ಮರವೂ ಉಳಿಯಿತು. 1976ರಲ್ಲಿ ಆ ಮನೆಯವರು ಮರವನ್ನು ಅಮೆರಿಕಕ್ಕೇ ಉಡುಗೊರೆ ಕೊಟ್ಟರು. ಬಾಂಬಿನ ಮಾತು ಎತ್ತಲಿಲ್ಲ. 2001ರಲ್ಲಿ ಮೊಮ್ಮಕ್ಕಳು ನೋಡಲು ಹೋದಾಗಲೇ ಅಲ್ಲಿಯವರಿಗೆ ವಿಷಯ ಗೊತ್ತಾಯಿತು. ಮರ ವಾಷಿಂಗ್ಟನ್ ನಗರದಲ್ಲಿದೆ. ಬಾಂಬಿಗೆ ಸಾಯದ ಮರವೂ ನೀರಿಲ್ಲದೆ ಬಿಟ್ಟರೆ ಕೆಲವೇ ದಿನದಲ್ಲಿ ಸಾಯುತ್ತದೆ. ಇಷ್ಟು ವರ್ಷವೂ ಯಾರಾದರೊಬ್ಬರು ನೀರು ಹಾಕುತ್ತಲೇ ಬಂದಿದ್ದಾರೆ.

“ಇದರಿಂದ ಏನು ಉಪಯೋಗ?” ಎಂದು ನೀವು ಕೇಳಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ರಾಜ ಬರೆಸಿದ ಬಂಡೆ ಇದೆ. ಅದೇ ರಾಜ ದಾರಿ ಬದಿಗೆ ಆಲದ ಮರ ನೆಡಿಸಿದ ಎಂದು ದೆಹಲಿಯಲ್ಲಿರುವ ಕಲ್ಲುಕಂಬದ ಮೇಲೆ ಬರೆದಿದೆ. ಅದು ನೆರಳಿಗೆ. ತಟ್ಟೆಯ ಆಲ ನೆರಳು ಕೊಡುವುದಿಲ್ಲ. ಹೊಲದ ಬದುವಿಗೆ ಹಾಕುವ ಬೇವು, ಹುಣಸೆಯನ್ನು ಬಿಟ್ಟು ಇದನ್ನು ಮಾಡಿ ಎಂದು ನಾವು ಹೇಳುವುದಿಲ್ಲ. ಪಟ್ಟಣದಲ್ಲಿ ಇದನ್ನು ಕೊಳ್ಳುವವರು ಇದ್ದಾರೆ, ನಿಜ. ಆದರೆ ಮಾರುವಂಥ ಮರ ಆಗಲು ಹಲವು ವರ್ಷ ಬೇಕು. ಸಾಲ ಮಾಡಿ ಶುರು ಮಾಡಬೇಡಿ. ಬಾವಿ ಗೋಡೆಯ ಎರಡು ಸಸಿ, ಮನೆಯಲ್ಲಿರುವ ಹಳೆ ಮಣ್ಣಿನ ತಟ್ಟೆ, ಪಾತ್ರೆ ತೊಳೆದ ಮೇಲೆ ಐದು ನಿಮಿಷ. ಅಷ್ಟರಲ್ಲಿ ಮಾಡಿ ನೋಡಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಿ.